ಅಲುಗಾಡದೆ ನಿಲ್ಲುವ ಬಲವನ್ನು ಅಳೆಯುವುದು: ಒಂದು ಬೋಧನಾಭ್ಯಾಸದ ಅನುಭವ

ಕಡೂರು ಬಳಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುತ್ತಿದ್ದೆ. ಸ್ಥಾನಪಲ್ಲಟ ಇಲ್ಲದಿದ್ದರೆ ಕೆಲಸ ಸೊನ್ನೆ ಎಂದೆ. ತರೀಕೆರೆ ಕಡೆಯ ಹುಡುಗನೊಬ್ಬ ಎದ್ದು, “ಮಿಸ್, ದಂಡ ಹೊಡೆಯುವಾಗ ಮಧ್ಯದಲ್ಲೇ ನಿಂತರೆ ಕೈ ನಡುಗುತ್ತಲ್ಲ, ಅದೂ ಸೊನ್ನೇನಾ?” ಎಂದ. ಸ್ನಾಯುವಿನ ಎಳೆಗಳು ಬಿಡದೆ ಸಂಕುಚಿಸಲು ಶಕ್ತಿ ಖರ್ಚಾಗುತ್ತದೆ, ಹೊರಗಿನ ಕೆಲಸ ಮಾತ್ರ ಸೊನ್ನೆ ಎಂದು ವಿವರಿಸಿದೆ. ಪುರುಷರ ಜಿಮ್ನಾಸ್ಟಿಕ್ಸ್‌ನ ರಿಂಗ್ಸ್‌ನಲ್ಲಿ ಸ್ಥಿರ ಭಂಗಿಯನ್ನು ಕನಿಷ್ಠ 2 ಸೆಕೆಂಡ್ ಹಿಡಿಯಬೇಕೆಂಬ ನಿಯಮವನ್ನೂ ಹೇಳಿದೆ. “ಹಾಗಾದರೆ ಆ ಬಲ ಅಳೆಯೋದು ಹೇಗೆ?” ಎಂಬುದು ಮುಂದಿನ ಪ್ರಶ್ನೆ.

ಮರುದಿನ ತೂಕದ ಯಂತ್ರ ತಂದೆ. ಪಾದದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟು, ದೈಹಿಕ ಶಿಕ್ಷಕರ ಸಮ್ಮುಖದಲ್ಲಿ ಇಬ್ಬರನ್ನು ದಂಡದ ಭಂಗಿಯಲ್ಲಿ, ಅಂಗೈ ಯಂತ್ರದ ಮೇಲೆ ಬರುವಂತೆ ನಿಲ್ಲಿಸಿದೆ. 60 ಕೆ.ಜಿ. ಹುಡುಗನಿಗೆ 39, ಅಜ್ಜಂಪುರದಿಂದ ಬರುವ 42 ಕೆ.ಜಿ. ಹುಡುಗನಿಗೆ 28 ಬಂತು. ಮೊದಲನೆಯವನೇ ಬಲಶಾಲಿ ಎಂದು ಹಲಗೆಯ ಮೇಲೆ ಬರೆದುಬಿಟ್ಟೆ. ತೆಳ್ಳಗಿನ ಹುಡುಗ ತಲೆ ತಗ್ಗಿಸಿ ಕುಳಿತ.

ತರಗತಿಯ ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ಪಾಠದ ನಂತರ, “ಶೇಕಡಾ ಲೆಕ್ಕ ಹಾಕಿದಿರಾ?” ಎಂದಷ್ಟೇ ಕೇಳಿದರು. ಹಾಕಿ ನೋಡಿದರೆ 65 ಮತ್ತು 67! ನಾನು ಅಳೆದದ್ದು ಬಲವನ್ನಲ್ಲ, ಗುರುತ್ವ ಕೇಂದ್ರ ಎಲ್ಲಿದೆ ಎಂಬುದನ್ನು. ಪಾದದಿಂದ ಅಂಗೈಗೆ 120 ಸೆಂ.ಮೀ., ಗುರುತ್ವ ಕೇಂದ್ರಕ್ಕೆ 80 ಸೆಂ.ಮೀ. ಇದ್ದರೆ 42 × 80 ÷ 120 = 28. ಭುಜ ಅಂಗೈಯ ನೇರ ಮೇಲಿರುವಾಗ ಭುಜಕ್ಕೆ ಟಾರ್ಕ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಗಿಲನ್ನು ಕೀಲಿನ ಬಳಿಯೇ ತಳ್ಳಿದ ಹಾಗೆ.

ಮುಂದಿನ ತರಗತಿಯಲ್ಲಿ ಭುಜವನ್ನು ಅಂಗೈಗಿಂತ ಮುಂದಕ್ಕೆ ಬಾಗಿಸಿ 2 ಸೆಕೆಂಡ್ ನಿಲ್ಲಲು ಹೇಳಿದೆ. ದೊಡ್ಡ ಹುಡುಗ 42 ಕೆ.ಜಿ.ಗೆ, ಅಂದರೆ ಶೇ. 70ಕ್ಕೆ ನಿಂತ. ತೆಳ್ಳಗಿನವನು 15 ಸೆಂ.ಮೀ. ಬಾಗಿ 32 ಮುಟ್ಟಿದ: ಶೇ. 76. ಅವನ ಎರಡೂ ಭುಜ ಸೇರಿ ತಡೆದದ್ದು ಸುಮಾರು 320 × 0.15 = 48 ನ್ಯೂಟನ್-ಮೀಟರ್. ಶೇ. 100 ಮುಟ್ಟಿದರೆ ಪಾದ ನೆಲ ಬಿಡುತ್ತದೆ. ಅದೇ ಜಿಮ್ನಾಸ್ಟರ ಪ್ಲಾಂಚ್ ಭಂಗಿ.

ಹಿಂದಿನ ದಿನದ ಬರಹ ತಪ್ಪು ಎಂದು ತರಗತಿಯ ಮುಂದೆಯೇ ಒಪ್ಪಿಕೊಂಡೆ. ಯಂತ್ರ ಸರಿಯಾದ ಸಂಖ್ಯೆಯನ್ನೇ ಕೊಟ್ಟಿತ್ತು. ಅದು ಯಾವುದರ ಅಳತೆ ಎಂದು ಕೇಳದೆ ಮಗುವಿಗೆ ಹಣೆಪಟ್ಟಿ ಹಚ್ಚಿದವಳು ನಾನು. ಉತ್ತರಪತ್ರಿಕೆ ತಿದ್ದುವಾಗಲೂ ಈಗ ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ.