ಎರೆಭೂಮಿಯಲ್ಲಿ ಬಚ್ಚಲ ನೀರಿನ ಶುದ್ಧೀಕರಣ ಮತ್ತು ಬಾಳೆಗೆ ಅದರ ಬಳಕೆ

ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಈ ಹಣ್ಣು ಭೌಗೋಳಿಕ ಗುರುತನ್ನೂ ಪಡೆದಿದೆ. ಕೆಂಪು ಬಾಳೆಯ ಗೊನೆ ಕೊಯ್ಲಿಗೆ ಬರಲು ಸುಮಾರು ಒಂದೂವರೆ ವರ್ಷ ಬೇಕಾಗುವುದರಿಂದ ಬೆಳೆ ಒಂದು ಬೇಸಿಗೆಯನ್ನಾದರೂ ದಾಟಲೇಬೇಕು. ಅದೇ ಬೇಸಿಗೆಯಲ್ಲಿ ಬಚ್ಚಲ ನೀರು ಓಣಿಗೆ ಹರಿದು, ನಾರಿ, ಸೊಳ್ಳೆಗಳಿಗೆ ಆಸರೆಯಾಗುತ್ತದೆ. ನೆರೆಹೊರೆಯಲ್ಲಿ ಜಗಳಕ್ಕೂ ಕಾರಣವಾಗುತ್ತದೆ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಹೊಂದಿದೆ. ಐವರಿರುವ ಮನೆಗೆ ಇದು 275 ಲೀಟರ್ ಆಗುತ್ತದೆ. ಕುಡಿಯಲು, ಅಡುಗೆಗೆ ಮತ್ತು ಶೌಚಕ್ಕೆ ಹೋದದ್ದನ್ನು ಕಳೆದರೆ ಸ್ನಾನ, ಬಟ್ಟೆ ಮತ್ತು ಪಾತ್ರೆ ತೊಳೆದ ನೀರು ಸುಮಾರು 180 ಲೀಟರ್ ಎಂದು ಲೆಕ್ಕ ಹಿಡಿಯಬಹುದು. ಕಲಬುರಗಿಯಂಥ ನಗರಕ್ಕೆ ಒಳಚರಂಡಿ ಮತ್ತು ದೊಡ್ಡ ಶುದ್ಧೀಕರಣ ಘಟಕ ಬೇಕು. ಹಳ್ಳಿಯಲ್ಲಿ ಈ ಕೆಲಸ ಹಿತ್ತಲಲ್ಲೇ ಆಗಬಲ್ಲದು.

ಇಂಗುಗುಂಡಿ ಏಕೆ ಸಾಲದು?

ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆಗ ತೋಡಿದ ಇಂಗುಗುಂಡಿ ನೀರನ್ನು ಬೇಗ ಕುಡಿಯುತ್ತದೆ. ಮಣ್ಣು ನೆನೆದು ಉಬ್ಬಿದ ಮೇಲೆ ಬಿರುಕು ಮುಚ್ಚಿ, ಗುಂಡಿ ತುಂಬಿ ಹರಿಯುತ್ತದೆ. ಆದುದರಿಂದ ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಒಂದು ಅಡಿ ಆಳದ ಕುಳಿ ತೆಗೆದು, ರಾತ್ರಿಯೆಲ್ಲ ನೀರು ನಿಲ್ಲಿಸಿ, ಬೆಳಿಗ್ಗೆ ಮತ್ತೆ ತುಂಬಿ ನೋಡಬೇಕು. ಒಂದು ಗಂಟೆಯಲ್ಲಿ ಒಂದು ಅಂಗುಲವೂ ಇಳಿಯದಿದ್ದರೆ ಇಂಗುಗುಂಡಿಯನ್ನು ನಂಬುವಂತಿಲ್ಲ. ಅಂಥಲ್ಲಿ ಕಡಿಗಲ್ಲಿನ ಮಡಿ ಸೂಕ್ತ.

ಮಡಿ ನಿರ್ಮಿಸುವ ಕ್ರಮ

1. ಬಚ್ಚಲ ನೀರು ಮೊದಲು 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 90 ಸೆಂ.ಮೀ. ಆಳದ ಮುಚ್ಚಳವುಳ್ಳ ತೊಟ್ಟಿಗೆ ಬೀಳಬೇಕು. ಇಲ್ಲಿ ಮಣ್ಣು ತಳಕ್ಕಿಳಿದು, ಜಿಡ್ಡು ಮೇಲೆ ತೇಲುತ್ತದೆ. ಜಿಡ್ಡು ಮುಂದೆ ಹೋಗದಂತೆ ಹೊರಹೋಗುವ ಕೊಳವೆಯ ಬಾಯಿಯನ್ನು ನೀರಿನೊಳಗೆ ಬಾಗಿಸಬೇಕು.

2. ಅಲ್ಲಿಂದ ನೀರು 5 ಮೀ. ಉದ್ದ, 1 ಮೀ. ಅಗಲ, 60 ಸೆಂ.ಮೀ. ಆಳದ ಮಡಿಗೆ ಹೋಗಬೇಕು. ಮಡಿಯ ತಳಕ್ಕೂ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ತಳಕ್ಕೆ ಒಟ್ಟು 5 ಸೆಂ.ಮೀ. ಇಳಿಜಾರು ಕೊಡಬೇಕು. ಎರಡೂ ತುದಿಗೆ ದಪ್ಪ ಕಲ್ಲು, ನಡುವೆ 10ರಿಂದ 20 ಮಿ.ಮೀ. ಗಾತ್ರದ ತೊಳೆದ ಕಡಿ ತುಂಬಬೇಕು.

3. ಹೊರಕೊಳವೆಯನ್ನು ನೀರು ಕಡಿಯ ಮೇಲ್ಮೈಗಿಂತ 10 ಸೆಂ.ಮೀ. ಕೆಳಗೇ ನಿಲ್ಲುವಂತೆ ಕೂಡಿಸಬೇಕು. ನೀರು ಕಣ್ಣಿಗೆ ಕಾಣದಿದ್ದರೆ ಸೊಳ್ಳೆ ಮೊಟ್ಟೆಯಿಡಲಾರದು.

4. ಕಾಬಾಳೆ ಹೂಗಿಡದ ಗೆಡ್ಡೆಗಳನ್ನು 45 ಸೆಂ.ಮೀ. ಅಂತರದಲ್ಲಿ ಎರಡು ಸಾಲು ನಾಟಬೇಕು.

ಈ ಮಡಿಯಲ್ಲಿ ನೀರು ಸುಮಾರು ಐದು ದಿನ ತಂಗುತ್ತದೆ. ಕಡಿ ಮತ್ತು ಬೇರುಗಳಿಗೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ, ವಾಸನೆ ತಗ್ಗುತ್ತದೆ.

ಬಾಳೆಗೆ ಎಷ್ಟು?

ಬೇಸಿಗೆಯಲ್ಲಿ ಮಡಿಯಿಂದಲೇ ಸುಮಾರು 50 ಲೀಟರ್ ಆವಿಯಾಗಬಹುದು. ಉಳಿದ ನೀರು, ಗಿಡಕ್ಕೆ ದಿನಕ್ಕೆ 20 ಲೀಟರಿನಂತೆ, ಆರು ಬಾಳೆಗೆ ಸಾಕು. ಎಕರೆ ತೋಟಕ್ಕೆ ಇದು ಆಧಾರವಲ್ಲ. ಹಿತ್ತಲಿನ ಆರು ಗೊನೆಗೆ ಆಧಾರ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ನೀರನ್ನು ಇತರ ಮರಗಳಿಗೆ ಹಂಚಬೇಕು.

ಎಚ್ಚರಿಕೆಗಳು

ಶೌಚಾಲಯದ ನೀರನ್ನು ಇದಕ್ಕೆ ಸೇರಿಸಕೂಡದು. ಮಡಿಯಿಂದ ಬಂದ ನೀರು ಕುಡಿಯಲು ಯೋಗ್ಯವಲ್ಲ. ಕೊತ್ತಂಬರಿ, ಮೆಂತ್ಯ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗಳಿಗೂ ಹಾಕಬಾರದು. ಬಾಳೆಗೆ ಬುಡದಲ್ಲಿ ಮಾತ್ರ ಕೊಡಬೇಕು.

ಬಟ್ಟೆ ಸೋಡಾ ಮತ್ತು ಸಾಬೂನು ಪುಡಿಯಲ್ಲಿರುವ ಸೋಡಿಯಂ ಅನ್ನು ಮಡಿ ತೆಗೆಯಲಾರದು. ಅದು ಎರೆಮಣ್ಣಿನಲ್ಲಿ ಕೂಡಿಕೊಂಡರೆ ಮಣ್ಣಿನ ಹರಳು ಒಡೆದು, ನೀರು ಇಳಿಯದಂತಾಗುತ್ತದೆ. ಆದ್ದರಿಂದ ಸೋಡಾ ಬಿಡಬೇಕು, ಪುಡಿಯನ್ನು ಮಿತವಾಗಿ ಬಳಸಬೇಕು. ವರ್ಷಕ್ಕೊಮ್ಮೆ ಬಾಳೆ ಬುಡದ ಮಣ್ಣನ್ನು ಪರೀಕ್ಷಿಸಿ, ಕ್ಷಾರತೆ ಕಂಡರೆ ಶಿಫಾರಸಿನಂತೆ ಜಿಪ್ಸಮ್ ಹಾಕಬೇಕು. ಈ ಬಗ್ಗೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ತೊಟ್ಟಿಯ ಜಿಡ್ಡನ್ನು ವಾರಕ್ಕೊಮ್ಮೆ, ಕೆಸರನ್ನು ತಿಂಗಳಿಗೊಮ್ಮೆ ತೆಗೆದು ತಿಪ್ಪೆಗೆ ಹಾಕಬೇಕು. ಈ ಕೆಲಸ ತಪ್ಪಿದರೆ ಕಡಿಯ ಸಂದು ಕಟ್ಟಿಕೊಂಡು ನೀರು ಮತ್ತೆ ಓಣಿಗೇ ಹರಿಯುತ್ತದೆ. ಮಡಿ ಕಟ್ಟುವಾಗಲೇ ತೊಟ್ಟಿ ತೆಗೆಯುವ ಹೊಣೆ ಮನೆಯಲ್ಲಿ ಯಾರದೆಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.