ಆನೆಗುಂದಿ ಕಾಲುವೆ ದಂಡೆಯಲ್ಲಿ ಒಂದು ದಿನ

ಸಂಘದ ಪ್ರವಾಸ ಅಂದರೆ ಗುಡಿ ನೋಡಿ ಬುತ್ತಿ ಉಂಡು ಬರೋದಷ್ಟೇ ಅಲ್ಲ. ಗಂಗಾವತಿ ತಾಲೂಕಿನ ಆನೆಗುಂದಿಯಲ್ಲಿ ಕಾಲುವೆ ದಂಡೆ ಮೇಲೂ ನಡೆಯೋಣ. ವಿಜಯನಗರ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳು ಈಗಲೂ ಭತ್ತ, ಬಾಳೆಗೆ ನೀರುಣಿಸುತ್ತಿವೆ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದವರಿಗೆ ಹೊಟ್ಟೆಕಿಚ್ಚಾದರೂ ಆದೀತು!

ಗೊನೆ ಕಡಿದ ಮೇಲೆ ಬಾಳೆದಿಂಡನ್ನು ಕಸ ಅಂತ ಬಿಸಾಡುತ್ತೇವೆ. 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಮೂಲಕ ಕೆಲಸ ಕಲಿತ ಇಲ್ಲಿನ ಹೆಣ್ಣುಮಕ್ಕಳು ಅದೇ ದಿಂಡಿನ ಪಟ್ಟೆ ಒಣಗಿಸಿ, ಹುರಿ ಹೊಸೆದು ಚೀಲ, ಬುಟ್ಟಿ ಮಾಡುತ್ತಾರೆ. ಚೆಂದ ಐತಿ ಅಂತ ಹೇಳಿ ಬಂದರೆ ಸಾಲದು. ಒಂದು ಚೀಲಕ್ಕೆ ಎಷ್ಟು ದಿನ, ಕೈಗೆ ಎಷ್ಟು ಕೂಲಿ, ಕೊಳ್ಳುವವರು ಯಾರು ಅಂತ ಕೇಳಿ ಬರೆದುಕೊಳ್ಳೋಣ. ಆ ಲೆಕ್ಕವನ್ನು ಸಂಘದ ಸಭೆಯಲ್ಲಿ ಓದಿದ ಮೇಲೆಯೇ ಸಾಲದ ಮಾತು.