ಹೆಸರಿದ್ದೂ ಫಲವಿಲ್ಲದ ಅಂಕೆ

ಒಂದು ಪರಿಮಾಣಕ್ಕೆ ಹೆಸರಿಟ್ಟ ಮಾತ್ರಕ್ಕೆ ಅದು ಇದೆಯೆಂದು ಭೌತವಿಜ್ಞಾನವು ಒಪ್ಪುವುದಿಲ್ಲ. ಅದನ್ನು ಹೆಚ್ಚಿಸಿದಾಗ ಅಥವಾ ತಗ್ಗಿಸಿದಾಗ ಮತ್ತೇನಾದರೂ ಬದಲಾಗಬೇಕು. ಈ ತತ್ತ್ವವನ್ನು ಮನದಟ್ಟು ಮಾಡಿಕೊಳ್ಳಲು ವಿಡಿಯೋ ಆಟವೊಂದು ಒಳ್ಳೆಯ ಸಾಧನವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

1987ರ ಡಿಸೆಂಬರಿನಲ್ಲಿ ಜಪಾನಿನ ಸ್ಕ್ವೇರ್ ಸಂಸ್ಥೆಯು ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕಾಗಿ 'ಫೈನಲ್ ಫ್ಯಾಂಟಸಿ'ಯನ್ನು ಹೊರತಂದಿತು. ಆಡುವವರು ನಾಲ್ವರು ವೀರರನ್ನು ಆರಿಸಿಕೊಂಡು ಲೋಕಸಂಚಾರಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಎದುರಾಗುವ ರಾಕ್ಷಸರೊಡನೆ ಹೋರಾಡುತ್ತಾರೆ. ಪ್ರತಿಯೊಬ್ಬ ವೀರನಿಗೂ ಬಲ, ಚುರುಕು, ಬುದ್ಧಿ, ದೇಹದಾರ್ಢ್ಯ, ಅದೃಷ್ಟ ಎಂಬ ಐದು ಗುಣಗಳುಂಟು. ಒಂದೊಂದಕ್ಕೂ ಒಂದೊಂದು ಅಂಕೆ.

ಬುದ್ಧಿ ಹೆಚ್ಚಿದಷ್ಟೂ ಮಾಂತ್ರಿಕನ ಮಂತ್ರವು ತೀಕ್ಷ್ಣವಾಗಬೇಕೆಂದು ಯಾರೂ ಊಹಿಸುತ್ತಾರೆ. ಊಹೆಯನ್ನು ಪರೀಕ್ಷಿಸುವುದು ಹೇಗೆ? ಬುದ್ಧಿಯಲ್ಲಿ ಮಾತ್ರ ಭೇದವಿರುವ ಇಬ್ಬರು ಮಾಂತ್ರಿಕರು ಒಂದೇ ಜಾತಿಯ ರಾಕ್ಷಸನ ಮೇಲೆ ಒಂದೇ ಮಂತ್ರವನ್ನು ಪ್ರಯೋಗಿಸಲಿ. ಪ್ರತಿ ಪ್ರಯೋಗದಲ್ಲಿಯೂ ಆಕಸ್ಮಿಕದ ಅಂಶವಿರುವುದರಿಂದ ಒಂದು ಸಲ ನೋಡಿದರೆ ಸಾಲದು. ಅನೇಕ ಸಲ ನೋಡಿ ಸರಾಸರಿ ತೆಗೆಯಬೇಕು. ಆಗ ಇಬ್ಬರ ಸರಾಸರಿಯೂ ಒಂದೇ ಎಂದು ಕಂಡುಬರುತ್ತದೆ! ಕಾರಣವಿಷ್ಟೆ: ಮೂಲ ಆಟದಲ್ಲಿ ಮಂತ್ರದ ಫಲವನ್ನು ಲೆಕ್ಕಹಾಕುವಾಗ ಯಂತ್ರವು ಬುದ್ಧಿಯ ಅಂಕೆಯನ್ನು ಓದುವುದೇ ಇಲ್ಲ.

ಆಯುಧಗಳ ವಿಷಯದಲ್ಲಿಯೂ ಇಂಥದೇ ಪ್ರಮಾದವುಂಟು. ವಿಶೇಷವಾದ ಬಲವಾದ ಪೆಟ್ಟು ಎಷ್ಟು ಸಲ ಬೀಳಬೇಕೆಂಬುದಕ್ಕೆ ಪ್ರತಿ ಆಯುಧಕ್ಕೂ ಒಂದು ಅಂಕೆಯನ್ನು ಗೊತ್ತುಮಾಡಿದ್ದಾರೆ. ಆದರೆ ಯಂತ್ರವು ಅದನ್ನು ಬಿಟ್ಟು, ಪಟ್ಟಿಯಲ್ಲಿ ಆ ಆಯುಧದ ಕ್ರಮಸಂಖ್ಯೆಯನ್ನೇ ತೆಗೆದುಕೊಳ್ಳುತ್ತದೆ. ಪಟ್ಟಿಯ ಕೊನೆಯಲ್ಲಿರುವ ಆಯುಧಕ್ಕೆ ಅನಾಯಾಸವಾಗಿ ಲಾಭ!

ಇನ್ನು ಸಂಚಾರದ ವಿಚಾರ. ಆಟದ ಭೂಪಟವು ಉದ್ದಗಲಗಳಲ್ಲಿ 256 ಮನೆಗಳುಳ್ಳ ಚೌಕ. ಎಲ್ಲಿ ಯಾವ ರಾಕ್ಷಸರು ಎದುರಾಗಬೇಕೆಂದು ನಿರ್ಧರಿಸಲು ಇದನ್ನು 32 ಮನೆಗಳ ಬದಿಯುಳ್ಳ 64 ವಲಯಗಳಾಗಿ ಹಂಚಿದ್ದಾರೆ. ನಿಂತ ಮನೆಯ ಸಂಖ್ಯೆಯನ್ನು 32ರಿಂದ ಭಾಗಿಸಿ ಶೇಷವನ್ನು ಬಿಟ್ಟರೆ ವಲಯದ ಸಂಖ್ಯೆ ದೊರೆಯುತ್ತದೆ. 31ನೆಯ ಮನೆಗೆ ಭಾಗಲಬ್ಧ 0; ಅದಕ್ಕೆ ಅಂಟಿಕೊಂಡಿರುವ 32ನೆಯ ಮನೆಗೆ 1. ಹೆಜ್ಜೆ ಒಂದೇ, ವಲಯ ಮಾತ್ರ ಬೇರೆ. ಬೆಟ್ಟ ಹೊಳೆ ಕಡಲುಗಳ ಗಡಿಯನ್ನು ಈ ಭಾಗಾಕಾರವು ಲೆಕ್ಕಿಸುವುದಿಲ್ಲ.

ಆಟದ ಆರಂಭದಲ್ಲಿಯೇ ಸಿಗುವ ಪ್ರವೋಕ ಎಂಬ ಬಂದರಿನ ಈಶಾನ್ಯದಲ್ಲಿ ಒಂದು ಪರ್ಯಾಯದ್ವೀಪವಿದೆ. ಅದರ ತುದಿಯು ಇಂಥ ಗೆರೆಯನ್ನು ದಾಟಿ ಪಕ್ಕದ ವಲಯದೊಳಗೆ ಚಾಚಿಕೊಂಡಿದೆ. ಆ ವಲಯದ ಪಟ್ಟಿಯಲ್ಲಿರುವವರು ಬಹಳ ಮುಂದೆ ಎದುರಾಗಬೇಕಾದ ಬಲಶಾಲಿ ರಾಕ್ಷಸರು. ಅರಿಯದೆ ಹೋದ ಎಳೆಯ ವೀರರಿಗೆ ಅಲ್ಲಿ ಮರಣವೇ ಗತಿ; ಅರಿತು ಸಿದ್ಧರಾಗಿ ಹೋದವರಿಗೆ ಹೇರಳವಾದ ಹಣ ಮತ್ತು ಅನುಭವ. ಆದುದರಿಂದಲೇ ಆಟಗಾರರು ಅದನ್ನು 'ಶಕ್ತಿಯ ಪರ್ಯಾಯದ್ವೀಪ'ವೆಂದು ಕರೆದರು.

ಮುಂದಿನ ಕೆಲವು ಆವೃತ್ತಿಗಳಲ್ಲಿ ಬುದ್ಧಿಗೆ ಫಲವನ್ನು ಕೊಟ್ಟರು. ಆದರೆ ಮೂಲ ಆಟವು ಕಲಿಸುವ ಪಾಠ ಉಳಿದೇ ಇದೆ: ಅಂಕೆಯ ಮುಂದೆ ಬರೆದಿರುವ ಹೆಸರನ್ನು ನಂಬುವ ಮೊದಲು ಅದನ್ನು ಬದಲಾಯಿಸಿ ನೋಡಬೇಕು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೆ?